ದ್ರಾಕ್ಷಿ ಬಳ್ಳಿಗೆ ಮುನ್ನೆಚ್ಚರಿಕೆಯ ಮದ್ದು

ಮಾನ್ಯ ಸಂಪಾದಕರೇ,

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರೊಡೆಯುವ ಹೊತ್ತಿಗೆ ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ನಿದ್ದೆ ಹತ್ತುವುದಿಲ್ಲ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಚುಕ್ಕೆ, ಮಗುಚಿ ನೋಡಿದರೆ ಬಿಳಿ ಬೂಜು; ಇದೇ ಬೂಜು ರೋಗ (ಡೌನಿ ಮಿಲ್ಡ್ಯೂ). ಹೂಗೊಂಚಲಿಗೂ ಹತ್ತಿತೆಂದರೆ ವರ್ಷದ ದುಡಿಮೆ ಹೋದಂತೆಯೇ. ಆ ಭಯಕ್ಕೇ ನಾವು ಔಷಧದ ಮೇಲೆ ಔಷಧ ಹೊಡೆಯುತ್ತೇವೆ.

ಏಡಿ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಕಂದು ಕಡಲಕಳೆಯ ಲ್ಯಾಮಿನಾರಿನ್ ಎಂಬ ಪಾಲಿಸ್ಯಾಕರೈಡ್‌ಗಳನ್ನೂ (ಸಕ್ಕರೆಯ ಉದ್ದ ಸರಪಳಿಗಳು) ಬಳ್ಳಿಗೆ ಹೊಡೆಯಬಹುದು; ಆದರೆ ಇವು ಕೆಲಸ ಮಾಡುವ ರೀತಿ ಆ ಔಷಧಗಳಿಗಿಂತ ಬೇರೆ. ರೋಗಾಣುಗಳ ಕೋಶಭಿತ್ತಿಯಲ್ಲೂ ಇಂಥ ಸಕ್ಕರೆಯ ಸರಪಳಿಗಳಿರುತ್ತವೆ. ಹಾಗಾಗಿ ಇವು ತಾಗಿದೊಡನೆ ಶತ್ರು ಬಂದನೆಂದೇ ಬಳ್ಳಿ ತಿಳಿಯುತ್ತದೆ. ತನ್ನ ಕೋಶಗಳ ಗೋಡೆ ಬಿಗಿ ಮಾಡಿಕೊಂಡು, ರೆಸ್ವೆರಾಟ್ರಾಲ್‌ನಂಥ ರಕ್ಷಕ ವಸ್ತುಗಳನ್ನು ತಯಾರಿಸುತ್ತದೆ. ಯುರೋಪ್ ಒಕ್ಕೂಟ 2014ರಲ್ಲೇ ಕೈಟೋಸಾನ್ ಹೈಡ್ರೋಕ್ಲೋರೈಡ್ ಬಳಕೆಗೆ ಒಪ್ಪಿಗೆ ಕೊಟ್ಟಿದೆ.

ಆದರೆ ರೋಗ ಕಾಣುವ ಮೊದಲೇ ಇಂಥ ಮದ್ದನ್ನು ಹೊಡೆಯಬೇಕು. ನನಗೆ ಮಾರಿದವರು ಈ ಮಾತು ಹೇಳಲೇ ಇಲ್ಲ. ಬೂಜು ಕಂಡ ಮೇಲೆ ಹೊಡೆದು ಎರಡು ಸಾಲು ಬಳ್ಳಿಯ ಫಸಲು ಕಳೆದುಕೊಂಡೆ. ರೋಗದ ಒತ್ತಡ ಹೆಚ್ಚಿದ್ದಾಗ ಇದೊಂದನ್ನೇ ನಂಬಿ ಕೂರುವಂತೆಯೂ ಇಲ್ಲ; ಶಿಲೀಂಧ್ರನಾಶಕ ಬೇಕೇ ಬೇಕು. ಆದರೂ ಅದರ ಸಿಂಪರಣೆಯ ಸಂಖ್ಯೆ ಇಳಿದರೆ ಅದೇ ನಮಗೆ ದೊಡ್ಡ ಲಾಭ.

ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ತೋಟಗಳಲ್ಲೇ ಇದರ ಪ್ರಾತ್ಯಕ್ಷಿಕೆ ನಡೆಸಿ, ಎಷ್ಟು ಪ್ರಮಾಣ, ಚಾಟ್ನಿಯಾದ ಎಷ್ಟನೇ ದಿನಕ್ಕೆ, ಯಾವುದರ ಜೊತೆ ಬೆರೆಸಬಾರದು ಎಂಬುದನ್ನು ಮುಂದಿನ ಚಾಟ್ನಿಯೊಳಗೆ ಕನ್ನಡದಲ್ಲಿ ತಿಳಿಸಿಕೊಡಲಿ.

– ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ