ಇನ್ನು ಮುಂದೆ ನಮ್ಮ ಬಿಲ್‌ನಲ್ಲಿ ಜಿಎಸ್‌ಟಿ ಇರುತ್ತದೆ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಈ ವರ್ಷ ನಮ್ಮ ವರ್ಕ್‌ಶಾಪಿನ ವಹಿವಾಟು ಒಂದೂವರೆ ಕೋಟಿ ರೂಪಾಯಿ ದಾಟಿತು. ಇದು ನಿಮ್ಮಿಂದ ಆದದ್ದು, ತುಂಬಾ ಸಂತೋಷ. ಆದರೆ ಅಷ್ಟು ದಾಟಿದವರು ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ಗ್ರಾಹಕರ ಬಿಲ್‌ನಲ್ಲಿ ತೆರಿಗೆ ಹಾಕದೆ, ಮಾರಾಟದ ಮೇಲೆ ಸ್ವಲ್ಪ ತೆರಿಗೆಯನ್ನು ತಾವೇ ಕಟ್ಟುವ ವ್ಯವಸ್ಥೆ) ಇರುವಂತಿಲ್ಲ. ಹಾಗಾಗಿ ಇನ್ನು ನಮ್ಮ ಬಿಲ್ ಬೇರೆ ಥರ ಇರುತ್ತದೆ. ಕೆಲವರಿಗೆ ಬೆಲೆ ಜಾಸ್ತಿಯಾಗುತ್ತದೆ. ಯಾಕೆ ಅಂತ ನಾವೇ ಮೊದಲು ಹೇಳಿಬಿಡಬೇಕು.

ಇಲ್ಲಿಯವರೆಗೆ ಬಿಲ್‌ನಲ್ಲಿ ತೆರಿಗೆಯ ಸಾಲೇ ಇರಲಿಲ್ಲ, ಅಲ್ವಾ? ಹಾಗಂತ ತೆರಿಗೆ ಇರಲಿಲ್ಲ ಅಂತಲ್ಲ. 6,000 ರೂಪಾಯಿಯ ಕಬ್ಬಿಣದ ರ‍್ಯಾಕನ್ನೇ ನೋಡಿ. ಅದಕ್ಕೆ ಶೀಟು, ಆಂಗಲ್, ಪೇಂಟು 3,000 ರೂಪಾಯಿಯಷ್ಟು ತಂದರೆ, ಶೇ. 18ರಂತೆ 540 ರೂಪಾಯಿ ಜಿಎಸ್‌ಟಿ ಕೊಡುತ್ತಿದ್ದೆವು. ಅದು ವಾಪಸ್ ಸಿಗುತ್ತಿರಲಿಲ್ಲ. ಮಾರಿದ ಮೇಲೆ ಶೇ. 1, ಅಂದರೆ 60 ರೂಪಾಯಿ, ನಾವೇ ಕಟ್ಟುತ್ತಿದ್ದೆವು. ಈ 600 ರೂಪಾಯಿ ಬೆಲೆಯೊಳಗೇ ಸೇರಿಕೊಂಡಿತ್ತು.

ಈಗ ಆ 600ನ್ನು ಪೂರ್ತಿ ತೆಗೆದಿದ್ದೇವೆ. ರ‍್ಯಾಕಿನ ಬೆಲೆ 5,400. ಅದರ ಮೇಲೆ ಶೇ. 18, ಅಂದರೆ 972. ಬಿಲ್‌ನಲ್ಲಿ ಇದು ಸಿಜಿಎಸ್‌ಟಿ 486, ಎಸ್‌ಜಿಎಸ್‌ಟಿ 486 ಅಂತ ಕಾಣುತ್ತದೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಒಟ್ಟು 6,372. ಸಾಮಾನು ತರುವಾಗ ಕೊಟ್ಟ 540ನ್ನು ಈ 972ರಲ್ಲಿ ಕಳೆದು, ಉಳಿದ 432 ರೂಪಾಯಿ ಸರ್ಕಾರಕ್ಕೆ ಕಟ್ಟುತ್ತೇವೆ. ಇದರಲ್ಲಿ ಒಂದು ರೂಪಾಯಿಯೂ ನಮ್ಮ ಲಾಭಕ್ಕೆ ಸೇರುವುದಿಲ್ಲ.

ಮನೆಗೆ ಕೊಳ್ಳುವವರಿಗೆ 372 ರೂಪಾಯಿ ಜಾಸ್ತಿ. ಈ ತೆರಿಗೆ ಕೊನೆಗೆ ಬಂದು ನಿಲ್ಲುವುದು ಬಳಸುವವರ ಮೇಲೆಯೇ, ಅವರು ಅದನ್ನು ಮುಂದೆ ದಾಟಿಸಲು ಆಗುವುದಿಲ್ಲ. ಇದನ್ನು ಬರೆಯಲು ನಮಗೂ ಬೇಜಾರು. ಈಗಾಗಲೇ ಅಡ್ವಾನ್ಸ್ ಕೊಟ್ಟವರು ಚಿಂತೆ ಮಾಡಬೇಡಿ. ಅಂದು ಹೇಳಿದ ಮೊತ್ತಕ್ಕಿಂತ ಒಂದು ಪೈಸೆ ಜಾಸ್ತಿ ಕೇಳುವುದಿಲ್ಲ.

ಅಂಗಡಿಗೆ, ಗೋದಾಮಿಗೆ ಕೊಳ್ಳುವವರ ಲೆಕ್ಕವೇ ಬೇರೆ. ನೀವೂ ಈಗ ನಮ್ಮಂತೆ ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಆ 972ನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಇದಕ್ಕೇ ಕ್ರೆಡಿಟ್ ಅನ್ನುವುದು. ಆಗ ರ‍್ಯಾಕ್ ಬೀಳುವುದು 5,400ಕ್ಕೇ. ದಯವಿಟ್ಟು ಬಿಲ್ ಮಾಡಿಸುವಾಗಲೇ ನಿಮ್ಮ ಜಿಎಸ್‌ಟಿ ನಂಬರ್ ಕೊಡಿ. 15 ಅಕ್ಷರಗಳನ್ನೂ ಒಂದು ಸಲ ಓದಿ ನೋಡಿ, ಒಂದು ತಪ್ಪಾದರೂ ಕ್ರೆಡಿಟ್ ನಿಮಗೆ ಬರುವುದಿಲ್ಲ. ನಾವು ಮುಂದಿನ ತಿಂಗಳ 11ರೊಳಗೆ ನಿಮ್ಮ ಬಿಲ್ಲನ್ನು ಜಿಎಸ್‌ಟಿಆರ್-1ರಲ್ಲಿ (ನಮ್ಮ ಮಾರಾಟದ ರಿಟರ್ನ್) ಹಾಕುತ್ತೇವೆ, 14ಕ್ಕೆ ನಿಮ್ಮ 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಕ್ರೆಡಿಟ್ ತೋರಿಸುವ ಪಟ್ಟಿ) ನೋಡಿಕೊಳ್ಳಿ. ಕಾಂಪೊಸಿಷನ್‌ನಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ.

ಹೊರರಾಜ್ಯದಿಂದ ಕೇಳಿ ಕೇಳಿ ಸುಮ್ಮನಾದವರು ಕೆಲವರಿದ್ದೀರಿ. ಕಾಂಪೊಸಿಷನ್‌ನಲ್ಲಿದ್ದಾಗ ನಾವು ರಾಜ್ಯದ ಆಚೆ ಮಾರುವಂತಿರಲಿಲ್ಲ. ಈಗ ಖಂಡಿತ ಕಳಿಸುತ್ತೇವೆ. ನಿಮ್ಮ ಬಿಲ್‌ನಲ್ಲಿ ಎರಡು ಸಾಲಿನ ಬದಲು ಐಜಿಎಸ್‌ಟಿ ಅಂತ ಒಂದೇ ಸಾಲು ಇರುತ್ತದೆ.

ಇಂತಿ,
ನಿಮ್ಮ ವರ್ಕ್‌ಶಾಪಿನವರು