ಹವ್ಯಾಸಿ ಕಲಾವಿದರು ‘ರೋಗಿ’ಗಳಾಗಲಿ

ಮಾನ್ಯರೇ,

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನು ಅಡುಗೆ, ಸ್ನಾನ, ಕೂಲಿ, ಸಂತೆಯ ದಿನಚರಿಗೆ ಮತ್ತೆ ಹಚ್ಚುವುದು ಆಕ್ಯುಪೇಷನಲ್ ಥೆರಪಿಯವರ ಕೆಲಸ. ಹಾಸನದಿಂದ ಮಣಿಪಾಲ, ಬೆಂಗಳೂರಿಗೆ ಹೋಗಿ ಇದನ್ನು ಓದುವ ಮಕ್ಕಳು ವಾರ್ಡಿಗೆ ಕಾಲಿಡುವ ಮೊದಲೇ ತರಬೇತಾದ ಅಭಿನಯ ರೋಗಿಗಳ, ಅಂದರೆ ರೋಗಿಯ ಪಾತ್ರ ಮಾಡುವ ನಟರ ಜತೆ ಪಳಗಬೇಕು. ಮೊದಲ ಸಲದ ತಪ್ಪುಗಳಿಗೆ ನೊಂದವರು ಗುರಿಯಾಗಬಾರದು. 1963ರಲ್ಲೇ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಶುರುಮಾಡಿದ ಪದ್ಧತಿ ಇದು. ಆಸ್ಟ್ರೇಲಿಯಾದ ಆರು ವಿಶ್ವವಿದ್ಯಾಲಯಗಳ ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿಗಳಲ್ಲಿ, 40 ಗಂಟೆ ಹೀಗೆ ಕಲಿತವರು ಅಷ್ಟೇ ಹೊತ್ತು ಆಸ್ಪತ್ರೆಯಂಥ ಕಡೆ ಕಲಿತವರಿಗಿಂತ ಹಿಂದೆ ಬೀಳಲಿಲ್ಲ.

ಎಡವುವುದು ಪಾತ್ರ ಬರೆಯುವಲ್ಲಿ. ‘ಖಿನ್ನತೆ’ ಎಂದಷ್ಟೇ ಹೇಳಿದರೆ ನಟರು ಧಾರಾವಾಹಿಯವರಂತೆ ಅಳಲು ಶುರುಮಾಡುತ್ತಾರೆ. ಹೀಗೆ ಬರೆದುಕೊಡಬೇಕು: ಸಕಲೇಶಪುರದ ಕಡೆಯ ತೋಟದ ಆಳು, 42ರ ಹೆಂಗಸು, ಎರಡು ತಿಂಗಳಿಂದ ಕಾಫಿ ಹಣ್ಣು ಕೊಯ್ಯಲು ಹೋಗಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಪ್ರಶ್ನೆ ಕೇಳಿ ನಾಲ್ಕೈದು ಸೆಕೆಂಡ್ ಆದಮೇಲೆ, ತಗ್ಗಿದ ದನಿಯಲ್ಲಿ ಉತ್ತರ. ‘ಊಟ ಮಾಡ್ತೀರೇನಮ್ಮಾ?’ ಅಂದರೆ ‘ಹೂಂ’, ಅಷ್ಟೇ. ‘ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ, ಹೇಳಿ’ ಅಂದರೆ ಮಾತ್ರ, ಒಲೆ ಹಚ್ಚುವುದೂ ಈಗ ಮಗಳ ಪಾಲಿಗೆ ಬಿದ್ದಿದೆ ಎಂಬುದು ಹೊರಬೀಳಬೇಕು. ಎಲ್ಲವನ್ನೂ ತಾನಾಗಿಯೇ ಹೇಳಿಬಿಟ್ಟರೆ ವಿದ್ಯಾರ್ಥಿ ಕೇಳುವುದನ್ನು ಕಲಿಯುವುದಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ವಿದ್ಯಾರ್ಥಿ ಕೇಳದೇ ಎದ್ದರೆ, ಆಮೇಲಿನ ಚರ್ಚೆ ಅಲ್ಲಿಂದಲೇ ಶುರುವಾಗಬೇಕು.

ಕೆಲಸ ಮಾಡಿಸಿ ನೋಡುವುದು ಇನ್ನೂ ಮುಖ್ಯ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯವರ ಪಾತ್ರಧಾರಿ ಕಾಫಿ ಮಾಡಲು ಹೊರಟು, ಹಾಲು ಒಲೆಯ ಮೇಲಿಟ್ಟು, ಸಕ್ಕರೆ ಡಬ್ಬಿ ಹಿಡಿದು ನಿಂತುಬಿಡುತ್ತಾರೆ. ಇಲ್ಲಿ ಬಹಳ ಮಕ್ಕಳು ಡಬ್ಬಿ ಇಸಿದುಕೊಂಡು ತಾವೇ ಕಾಫಿ ಮಾಡಿ ಮುಗಿಸುತ್ತಾರೆ. ಸ್ವಲ್ಪ ಕಾಯಬೇಕು, ‘ಮುಂದೇನು?’ ಅನ್ನಬೇಕು, ಆಗಲೂ ಕೈ ಆಡದಿದ್ದರೆ ಲೋಟ ತೋರಿಸಬೇಕು. ಎಷ್ಟು ನೆರವು ಬೇಕಾಯಿತು ಎಂಬುದೇ ಮೌಲ್ಯಮಾಪನ.

ಇಪ್ಪತ್ತು ನಿಮಿಷದ ಭೇಟಿಗೆ ನಲವತ್ತು ನಿಮಿಷದ ಚರ್ಚೆ ಬೇಕು. ಸಮಯವಿಲ್ಲವೆಂದು ಇದನ್ನೇ ಕತ್ತರಿಸುವುದು ದೊಡ್ಡ ತಪ್ಪು. ನಟರು ಮೊದಲು ವೇಷ ಕಳಚಿ, ತಮ್ಮ ಸ್ವಂತ ಹೆಸರು ಹೇಳಿ ಪಾತ್ರದಿಂದ ಹೊರಬರಲಿ. ಮನೆಯಲ್ಲಿ ಆತ್ಮಹತ್ಯೆಯ ನೋವು ಕಂಡವರಿಗೆ ಇಂಥ ಪಾತ್ರ ಕೊಡಬಾರದು. ಮೊದಲೇ ಗುಟ್ಟಾಗಿ ವಿಚಾರಿಸಿಕೊಳ್ಳಬೇಕು.

ಸಹಪಾಠಿಗಳನ್ನೇ ಕೂರಿಸಿದರೆ ಖರ್ಚಿಲ್ಲ, ಆದರೆ ಪರಿಚಯದ ಮುಖ ಕಂಡು ನಗು ಬರುತ್ತದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕವಾಡುವ ಹವ್ಯಾಸಿಗಳಿಗೆ ಈ ಕಡೆಯ ತೋಟದ ಮಾತು, ಮನೆಯ ಮಾತು ನಾಲಿಗೆಯ ಮೇಲಿದೆ. ಕಾಲೇಜುಗಳು ಅವರನ್ನು ಕರೆದು, ಎರಡು ತಾಲೀಮು ಮಾಡಿಸಿ, ತಾಲೀಮಿನ ದಿನಗಳಿಗೂ ಸೇರಿಸಿ ಗೌರವಧನ ಕೊಡಲಿ.

– ಆಕ್ಯುಪೇಷನಲ್ ಥೆರಪಿ ಬೋಧಕರು, ಹಾಸನ