ಇಂಟರ್ನೆಟ್ ಬದಲಿಸುವ ಮುಂಚೆ ಲೈಬ್ರರಿಗೂ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ 3 ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿದೆ. 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಇ-ಜರ್ನಲ್‌ಗಳು, ಅಂದರೆ ಆನ್‌ಲೈನಿನಲ್ಲಿ ಓದುವ ಸಂಶೋಧನಾ ಪತ್ರಿಕೆಗಳು, ಸಿಗುವ ಹಾಗಾಗಿದೆ. ಸಂತೋಷದ ವಿಷಯವೇ. ಆದರೆ ಲೈಬ್ರರಿಯವರೂ ಕಂಪ್ಯೂಟರ್ ವಿಭಾಗದವರೂ ಮಾತಾಡಿಕೊಳ್ಳದಿದ್ದರೆ ಅವು ವಿದ್ಯಾರ್ಥಿಯ ಕೈಗೆ ಬರುವುದಿಲ್ಲ.

ನಾನು ಗ್ರಂಥಪಾಲಕಿ. ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಸೋಮವಾರ ಯಾವ ಜರ್ನಲ್ಲೂ ತೆರೆಯಲಿಲ್ಲ. ಚಂದಾ ಮುಗಿಯಿತೇನೋ ಅಂತ ಪ್ರಕಾಶಕರಿಗೆ ಮೇಲ್ ಮೇಲೆ ಮೇಲ್ ಹಾಕಿದೆ. ಒಂಬತ್ತನೇ ದಿನ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಗೊತ್ತಾಯಿತು, ಇಂಟರ್ನೆಟ್ ಕಂಪನಿ ಬದಲಾಗಿದೆ, ಜೊತೆಗೆ ಐಪಿ ವಿಳಾಸವೂ. ಪ್ರಕಾಶಕರ ವೆಬ್‌ಸೈಟುಗಳು ನಮ್ಮ ಗುರುತು ಹಿಡಿಯುತ್ತಿದ್ದದ್ದೇ ಆ ನಂಬರಿನಿಂದ. ಪೂರ್ತಿ ಕಂಪ್ಯೂಟರ್ ವಿಭಾಗದವರದೇ ತಪ್ಪು ಅನ್ನಲಾರೆ. ಆ ನಂಬರಿನ ಮೇಲೆ ಲೈಬ್ರರಿ ನಿಂತಿದೆ ಅಂತ ನಾನೂ ಅವರಿಗೆ ಹೇಳಿರಲಿಲ್ಲವಲ್ಲ!

ಇನ್ನೊಂದು ಸಲ ಹಳೆ ಕ್ಯಾಟಲಾಗನ್ನು ಕೋಹಾ ಎಂಬ ಲೈಬ್ರರಿ ತಂತ್ರಾಂಶಕ್ಕೆ ಹಾಕುತ್ತಿದ್ದೆವು. ಕನ್ನಡ ಪುಸ್ತಕಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಬಂದವು. ‘ಡೇಟಾ ಕೆಟ್ಟಿದೆ ಮೇಡಂ, ಅಳಿಸಿಬಿಡ್ಲಾ?’ ಅಂದ ಕಂಪ್ಯೂಟರ್ ವಿಭಾಗದ ಹುಡುಗ. ಕೆಟ್ಟಿರಲಿಲ್ಲ, ಹಳೆಯ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅಷ್ಟೇ. ಅವನು ಅದನ್ನು ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಂದ. ಒತ್ತಕ್ಷರ ತಪ್ಪಿದ ಕಡೆಯೆಲ್ಲ ನಾನು ಕೂತು ತಿದ್ದಿದೆ. ಅಳಿಸಿದ್ದರೆ ಸಾವಿರಾರು ಹೆಸರು ಮತ್ತೆ ಟೈಪ್ ಮಾಡಬೇಕಿತ್ತು. ಅದು ಯಾರ ತಲೆಗೆ ಬರುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಎಷ್ಟೋ ಕಡೆ ಕಾಲೇಜಿನ ಕಂಪ್ಯೂಟರ್ ಸಮಿತಿಯಲ್ಲಿ ಗ್ರಂಥಪಾಲಕರಿಗೆ ಒಂದು ಕುರ್ಚಿಯೂ ಇರುವುದಿಲ್ಲ. ಅದನ್ನು ಕೊಡಿ. ಇಂಟರ್ನೆಟ್ ಕನೆಕ್ಷನ್, ಫೈರ್‌ವಾಲ್, ಸರ್ವರ್ ಏನೇ ಬದಲಿಸುವುದಿದ್ದರೂ ಒಂದು ವಾರ ಮುಂಚೆ ಲೈಬ್ರರಿಗೆ ತಿಳಿಸಬೇಕು ಅಂತ ಪ್ರಾಂಶುಪಾಲರು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಇದಕ್ಕೆ ದುಡ್ಡೇನೂ ಬೇಡ.

ಮನೆಯಿಂದ ಓದುವ ವ್ಯವಸ್ಥೆಯಂತೂ ಜಾಸ್ತಿ ತುರ್ತಿನದು. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ನಾಲ್ಕು ಗಂಟೆಯ ಬಸ್ ಹಿಡಿದು ಹಳ್ಳಿಗೆ ಹೋಗುವವರು. ಗುಜರಾತಿನ ಗಾಂಧಿನಗರದಲ್ಲಿರುವ, ಉನ್ನತ ಶಿಕ್ಷಣ ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಇನ್‌ಫೆಡ್’ ಎಂಬ ಲಾಗಿನ್ ವ್ಯವಸ್ಥೆಯ ಮೂಲಕ ಅವರು ಮನೆಯಲ್ಲೇ ಲಾಗಿನ್ ಆಗಬಹುದು. ವಿದ್ಯಾರ್ಥಿಗಳ ಪಟ್ಟಿ ಲೈಬ್ರರಿಯಲ್ಲಿದೆ. ಖಾತೆ ತೆರೆದುಕೊಡುವ ಕೈ ಕಂಪ್ಯೂಟರ್ ವಿಭಾಗದಲ್ಲಿದೆ. ಪಟ್ಟಿ ಕೊಡಲು ನಾವು ತಯಾರಿದ್ದೇವೆ.

– ಒಬ್ಬ ಗ್ರಂಥಪಾಲಕಿ, ಶಿವಮೊಗ್ಗ